ಬಾಣಂತಿಯ ತಟ್ಟೆ, ಕಂದನ ಉಸಿರು

ಬಾಣಂತಿ ಕೋಣೆಯ ವಾಸನೆ ನಮ್ಮಲ್ಲಿ ಯಾರಿಗೆ ತಾನೇ ಗೊತ್ತಿಲ್ಲ? ಸಾಂಬ್ರಾಣಿ ಹೊಗೆ, ಬಜೆ, ಹರಳೆಣ್ಣೆ, ಸುಟ್ಟ ಬೆಳ್ಳುಳ್ಳಿ, ಆಗ ತಾನೇ ಕುಟ್ಟಿದ ಕರಿಮೆಣಸು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಹಳೇ ಸೀರೆ. ತಟ್ಟೆಯಲ್ಲಿ ಬೆಳ್ಳಗಿನ ಅನ್ನ, ಅದರ ಮೇಲೆ ಒಂದಿಷ್ಟು ಮೆಣಸಿನ ಸಾರು, ತುಪ್ಪ. ಹಗಲೂ ಅದೇ, ರಾತ್ರಿಯೂ ಅದೇ.

ನನ್ನ ಮೊದಲ ಬಾಣಂತನ ಹುಣಸೂರಿನ ತವರುಮನೆಯಲ್ಲಿ ಆಯಿತು. ಹತ್ತನೆಯ ದಿನಕ್ಕೇ ಆ ಅನ್ನ, ಆ ಸಾರು ಸಾಕಾಗಿ, “ಒಂದು ತುತ್ತು ಮುದ್ದೆ ಕೊಡಜ್ಜಿ, ಸೊಪ್ಪಿನ ಸಾರು ಕೊಡಜ್ಜಿ” ಎಂದು ಗೋಗರೆದಿದ್ದೆ. ಅಜ್ಜಿ ಜಗ್ಗಲಿಲ್ಲ. “ಬಾಣ್ತಿ ಬಾಯಿ ಕಟ್ಬೇಕು ಕಣವ್ವಾ. ನೀ ತಿಂದದ್ದೇ ಮಗೀಗೆ ಹಾಲು. ಮುದ್ದೆ ತಿಂದ್ರೆ ಸೀತ, ಕಾಳು ತಿಂದ್ರೆ ವಾಯು” ಎಂದುಬಿಟ್ಟಳು.

‘ನೀ ತಿಂದದ್ದೇ ಮಗೀಗೆ ಹಾಲು’ ಎಂಬ ಆ ಮಾತು ಎಷ್ಟು ನಿಜವೆಂಬುದು ನನಗೆ ತಿಳಿದದ್ದು ತೀರಾ ಈಚೆಗೆ. ಅದೂ ಅಜ್ಜಿ ಅಂದುಕೊಂಡ ಅರ್ಥದಲ್ಲಲ್ಲ, ಬೇರೆಯೇ ಅರ್ಥದಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕಡೆಯ ಸೋದರಿಯರೇ, ನಿಮ್ಮ ಮನೆಯಲ್ಲಿ ಈಗ ಬಾಣಂತಿ ಇದ್ದರೆ, ಅಥವಾ ಮಗಳೋ ಸೊಸೆಯೋ ದಿನ ತುಂಬುತ್ತಿದ್ದರೆ, ಒಲೆ ಉರಿ ಸ್ವಲ್ಪ ಸಣ್ಣ ಮಾಡಿ ಇದನ್ನು ಓದಿ.

ತೂಬು ತೆರೆಯುವ ಗಳಿಗೆ

ಮೊದಲು ಒಂದು ವಿಷಯ ತಿಳಿದುಕೊಳ್ಳೋಣ. ಗರ್ಭದಲ್ಲಿರುವ ಮಗುವಿನ ಶ್ವಾಸಕೋಶದಲ್ಲಿ ಗಾಳಿ ಇರುವುದಿಲ್ಲ, ನೀರಿನಂಥ ದ್ರವ ತುಂಬಿರುತ್ತದೆ. ಮಗುವಿಗೆ ಪ್ರಾಣವಾಯು ಬರುವುದು ತಾಯಿಯ ರಕ್ತದಿಂದ, ಮಾಸು ಮತ್ತು ಹೊಕ್ಕುಳಬಳ್ಳಿಯ ದಾರಿಯಾಗಿ. ಕೆಲಸವಿಲ್ಲದ ಶ್ವಾಸಕೋಶಕ್ಕೆ ಅಷ್ಟೊಂದು ರಕ್ತ ಹರಿಸಿ ಪ್ರಯೋಜನವೇನು? ಅದಕ್ಕೇ ಅಲ್ಲಿನ ರಕ್ತನಾಳಗಳೆಲ್ಲ ಮುದುಡಿಕೊಂಡಿರುತ್ತವೆ. ರಕ್ತವು ಹೃದಯದ ಮೇಲಿನ ಕೋಣೆಗಳ ನಡುವಿನ ಒಂದು ಕಿಂಡಿ, ಹೃದಯದಿಂದ ಹೊರಡುವ ದೊಡ್ಡ ನಾಳಗಳ ನಡುವಿನ ಒಂದು ಸೇತುವೆ, ಈ ಎರಡು ಅಡ್ಡದಾರಿಗಳಲ್ಲಿ ಶ್ವಾಸಕೋಶವನ್ನು ಬಳಸಿಕೊಂಡು ಹೋಗುತ್ತದೆ. ನಾಟಿ ಶುರುವಾಗುವವರೆಗೆ ಕಾಲುವೆಯ ತೂಬು ಇಳಿಸಿರುತ್ತಾರಲ್ಲ, ಹಾಗೆ.

ಮಗು ಹುಟ್ಟಿ “ಕ್ಯಾಂ” ಎಂದು ಅತ್ತಾಗ ನಾವು ಗಂಡೋ ಹೆಣ್ಣೋ ಎಂದು ನೋಡುತ್ತಿರುತ್ತೇವೆ. ಒಳಗೆ ನಡೆಯುವುದು ಅದಕ್ಕಿಂತ ದೊಡ್ಡ ಸಂಗತಿ. ಗಾಳಿ ತುಂಬುತ್ತಿದ್ದಂತೆ ಮುದುಡಿದ ರಕ್ತನಾಳಗಳು ಸಡಿಲಗೊಂಡು, ಮೊದಲಿಗಿಂತ ಎಂಟು ಹತ್ತು ಪಟ್ಟು ಹೆಚ್ಚು ರಕ್ತ ಶ್ವಾಸಕೋಶಕ್ಕೆ ನುಗ್ಗುತ್ತದೆ. ತೂಬು ಮೇಲೆದ್ದಿತು! ಅಡ್ಡದಾರಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಆದರೆ ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು ಎರಡಕ್ಕೆ ಈ ತೂಬು ಏಳುವುದೇ ಇಲ್ಲ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಗರ್ಭದಲ್ಲಿದ್ದಷ್ಟೇ ಉಳಿದು, ರಕ್ತ ಹಳೆಯ ಅಡ್ಡದಾರಿಯಲ್ಲೇ ಹರಿಯುತ್ತದೆ. ಮಗು ಎಷ್ಟು ಉಸಿರಾಡಿದರೂ ಪ್ರಾಣವಾಯು ರಕ್ತಕ್ಕೆ ಸೇರುವುದಿಲ್ಲ, ಮೈ ನೀಲಿಗಟ್ಟುತ್ತದೆ. ಹೆರಿಗೆ ಕಷ್ಟವಾಗಿ ಉಸಿರು ಕಟ್ಟಿದ್ದರೆ, ನಂಜು ತಗುಲಿದ್ದರೆ, ನಮ್ಮವರು ‘ಮಗು ಹೊಟ್ಟೇಲೇ ಕಕ್ಕ ಮಾಡ್ಕೊಂಡು ನೀರು ಕುಡಿದಿದೆ’ ಎನ್ನುತ್ತಾರಲ್ಲ, ಹಾಗೆ ಮಲ ಬೆರೆತ ನೀರು ಶ್ವಾಸಕೋಶಕ್ಕೆ ಹೋಗಿದ್ದರೆ ಹೀಗಾಗುವ ಸಂಭವ ಹೆಚ್ಚು. ದಿನ ತುಂಬುವ ಮೊದಲೇ ಸಿಸೇರಿಯನ್ ಆದರೂ ಅಪಾಯ ಏರುತ್ತದೆ. ಒಳ್ಳೇ ನಕ್ಷತ್ರ, ಒಳ್ಳೇ ಲಗ್ನ ಅಂತ ಪಂಚಾಂಗ ಹಿಡಿದುಕೊಂಡು ಡಾಕ್ಟರ ಮುಂದೆ ಕೂರುವ ಹಿರಿಯರಿಗೆ ಈ ಮಾತು ತಿಳಿಸಿ. ಬೇರೆ ತೊಂದರೆ ಇಲ್ಲದಿದ್ದರೆ 39 ವಾರ ತುಂಬುವವರೆಗೆ ಕಾಯುವುದೇ ಮಗುವಿಗೆ ಸುಮುಹೂರ್ತ. ಇನ್ನೊಂದು ಮಾತು. ಏಳು ತಿಂಗಳಾದ ಮೇಲೆ ಸೊಂಟನೋವು ಎಂದು ಮೆಡಿಕಲ್ ಶಾಪಿನಿಂದ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ಮಾತ್ರೆ ತರಿಸಿ ನುಂಗಬೇಡಿ. ಮಗು ಗರ್ಭದಲ್ಲಿರುವಾಗಲೇ ಅವು ಆ ಸೇತುವೆಯನ್ನು ಮುಚ್ಚಿಬಿಡಬಲ್ಲವು.

ಇಂಥ ಮಗುವನ್ನು ಉಳಿಸುವುದು ಮನೆಯ ಕೆಲಸವಲ್ಲ, ಸಣ್ಣ ಆಸ್ಪತ್ರೆಯ ಕೆಲಸವೂ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಗುವನ್ನು ಬೆಚ್ಚಗಿಟ್ಟು, ಪ್ರಾಣವಾಯು ಕೊಟ್ಟು, ರಕ್ತದ ಸಕ್ಕರೆ ಇಳಿಯದಂತೆ ನೋಡಿಕೊಂಡು ಮೈಸೂರಿಗೆ ಕಳಿಸುತ್ತಾರೆ. ಹುಣಸೂರು, ಕೆ.ಆರ್. ನಗರ, ಕೋಟೆಗಳಿಂದ ಮೈಸೂರಿಗೆ ನಲವತ್ತು ಐವತ್ತು ಕಿಲೋಮೀಟರು, ಪಿರಿಯಾಪಟ್ಟಣದಿಂದ ಎಪ್ಪತ್ತರ ಹತ್ತಿರ. “ಹಸಿ ಬಾಣಂತಿ, ಹಸಿಗೂಸು, ಬೆಳಿಗ್ಗೆ ನೋಡೋಣ” ಎಂದು ಮನೆಯವರು ಮೀನಮೇಷ ಎಣಿಸುತ್ತ ಕೂತರೆ ಕೆಲಸ ಕೆಡುತ್ತದೆ. ಡಾಕ್ಟರು ಕಳಿಸುತ್ತೇವೆ ಎಂದರೆ ಹೊರಡಿ. ಚೆಲುವಾಂಬ ಆಸ್ಪತ್ರೆ ಇರುವುದೇ ತಾಯಿ ಮಕ್ಕಳಿಗಾಗಿ.

ಅಲ್ಲಿ ಮಗುವಿನ ಬಲಗೈಗೂ ಕಾಲಿಗೂ ಕೆಂಪು ದೀಪದ ಪುಟ್ಟ ಪಟ್ಟಿ ಕಟ್ಟಿ ರಕ್ತದಲ್ಲಿರುವ ಪ್ರಾಣವಾಯು ಅಳೆಯುತ್ತಾರೆ. ಕೈಯಲ್ಲಿ ಹೆಚ್ಚಿದ್ದು ಕಾಲಿನಲ್ಲಿ ತೀರಾ ಕಡಿಮೆಯಿದ್ದರೆ ರಕ್ತ ಅಡ್ಡದಾರಿ ಹಿಡಿದಿದೆ ಎಂದು ಅನುಮಾನ. ಎಕೋ ಯಂತ್ರ ಅದನ್ನು ಖಚಿತಪಡಿಸುತ್ತದೆ. ಮಗುವನ್ನು ಹೆಚ್ಚು ಮುಟ್ಟದೆ, ಸದ್ದು ಮಾಡದೆ, ಉಸಿರಾಟದ ಯಂತ್ರದಲ್ಲಿಟ್ಟು ನೋಡಿಕೊಳ್ಳುತ್ತಾರೆ. (ನೋಡಲು ಬಂದ ನೆಂಟರನ್ನು ದಾದಿ ಗದರಿದರೆ ಬೇಸರಪಡಬೇಡಿ. ಮಗು ಬೆಚ್ಚಿ ಅತ್ತರೂ ಶ್ವಾಸಕೋಶದ ನಾಳಗಳು ಮತ್ತೆ ಬಿಗಿಯುತ್ತವೆ.) ಬಿಗಿದ ನಾಳ ಸಡಿಲಿಸಲು ಸಿಲ್ಡೆನಾಫಿಲ್ ಎಂಬ ಔಷಧಿ ಕೊಡುವುದುಂಟು. ದೊಡ್ಡವರು ಬೇರೆಯೇ ಕಾರಣಕ್ಕೆ ನುಂಗುವ ಮಾತ್ರೆ ಅದು, ಆದರೆ ಎಷ್ಟೋ ಕೂಸುಗಳಿಗೆ ಆಸರೆಯಾಗಿದೆ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉಸಿರಿನೊಂದಿಗೆ ಬೆರೆಸಿ ಕೊಡುವುದು ಇನ್ನೂ ಒಳ್ಳೆಯ ಚಿಕಿತ್ಸೆ. ನಮ್ಮ ಮೈಯೊಳಗೇ ಹುಟ್ಟಿ ರಕ್ತನಾಳಗಳನ್ನು ಸಡಿಲಿಸುವ ಈ ಅನಿಲದ ಗುಟ್ಟು ಬಿಡಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ಅದು ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ.

ಇದು ಹುಟ್ಟಿದ ದಿನದ ಮಾತು. ಇದರಲ್ಲಿ ಅಡುಗೆಮನೆಗೆ ಪಾತ್ರವಿಲ್ಲ. ಏರಿದ ತೂಬು ಎರಡು ಮೂರು ತಿಂಗಳ ಮೇಲೆ ಮತ್ತೆ ಇಳಿದುಬಿಟ್ಟರೆ? ಅಲ್ಲಿ ನಮ್ಮ ಅಡುಗೆಮನೆ ಬರುತ್ತದೆ.

ದೃಷ್ಟಿಯಲ್ಲ, ನ್ಯುಮೋನಿಯಾವೂ ಅಲ್ಲ

ಗುಂಡುಗುಂಡಾಗಿರುವ ಮಗು. ಎದೆಹಾಲು ಬಿಟ್ಟು ಬೇರೆ ಏನನ್ನೂ ಮುಟ್ಟಿಸಿಲ್ಲ. ತೂಕ ಚೆನ್ನಾಗಿದೆ, ಮುಖ ನೋಡಿ ನಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ರಚ್ಚೆ ಹಿಡಿಯುತ್ತದೆ. ಎದೆಗೆ ಹಾಕಿದರೆ ಎರಡು ಗುಟುಕು ಕುಡಿದು ಬಾಯಿ ಬಿಡುತ್ತದೆ, ಕುಡಿದದ್ದನ್ನು ಕಕ್ಕುತ್ತದೆ. ಅಳುವಿನ ಸ್ವರ ಒಡೆದು ಗೊಗ್ಗರಾಗುತ್ತದೆ. ಕೆಲವು ಕೂಸುಗಳು ಬಾಯಿ ತೆರೆದು ಅತ್ತರೂ ದನಿಯೇ ಬರುವುದಿಲ್ಲ. ಉಸಿರು ಏದುತ್ತದೆ, ಕೈಕಾಲು ತಣ್ಣಗಾಗುತ್ತವೆ. ಆಗ ನಾವೇನು ಮಾಡುತ್ತೇವೆ? ಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆಯುತ್ತೇವೆ. ಗ್ರೈಪ್ ವಾಟರ್ ಕುಡಿಸುತ್ತೇವೆ. ಶೀತ ಅಂತ ಎದೆಗೆ ಏನೋ ತಿಕ್ಕುತ್ತೇವೆ. ಅಷ್ಟರಲ್ಲಿ ಹೊತ್ತು ಹೋಗಿರುತ್ತದೆ. ಕೆಲವೇ ಗಂಟೆಗಳಲ್ಲಿ ಮಗು ಕೈಮೀರುವುದುಂಟು.

ಹಿಂದೆಯೂ “ಮೂರು ತಿಂಗಳ ಕೂಸು, ಆಡ್ತಾ ಆಡ್ತಾ ಇದ್ದದ್ದು ಹೊರಟೇ ಹೋಯ್ತು” ಎಂದು ಹಿರಿಯರು ಹೇಳುತ್ತಿದ್ದುದನ್ನು ನೀವೂ ಕೇಳಿರಬೇಕು. ಅವೆಲ್ಲಕ್ಕೂ ಇದೊಂದೇ ಕಾರಣ ಎನ್ನಲಾಗದು. ಆದರೆ ಅಂಥ ಕೆಲವು ಸಾವುಗಳ ಹಿಂದೆ ಇದೇ ಇದ್ದಿರಬಹುದು ಎನ್ನುವ ಯೋಚನೆ ನನ್ನನ್ನು ಕಾಡುತ್ತದೆ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಇಂಥ ಮಕ್ಕಳು ಒಂದಾದ ಮೇಲೊಂದು ಬರತೊಡಗಿದಾಗ ಅಲ್ಲಿನ ವೈದ್ಯರು ಬೆನ್ನುಹತ್ತಿ ನೋಡಿದರು. ಅವರ ವರದಿ 2021ರಲ್ಲಿ ಪ್ರಕಟವಾಯಿತು. ಸುಮಾರು 250 ಶಿಶುಗಳು, ಹೆಚ್ಚಿನವು ಮೂರು ತಿಂಗಳ ಆಸುಪಾಸಿನವು, ಎದೆಹಾಲನ್ನೇ ಕುಡಿಯುತ್ತಿದ್ದವು. ಎಕೋ ಮಾಡಿದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ವಿಪರೀತ ಒತ್ತಡ, ಹೃದಯದ ಬಲಭಾಗ ಉಬ್ಬಿ ಸೋತಿದೆ. ಹುಟ್ಟಿದ ದಿನ ತೂಬು ಏಳದ ಮಗುವಿನ ಸ್ಥಿತಿಯೇ, ಆದರೆ ಹುಟ್ಟಿ ತಿಂಗಳುಗಳಾದ ಮೇಲೆ! ತಾಯಂದಿರನ್ನು “ಏನು ಊಟ ಮಾಡ್ತಿದ್ದೀರಮ್ಮಾ?” ಎಂದು ವಿಚಾರಿಸಿದರೆ ಬಂದ ಉತ್ತರ ನಿಮಗೆ ಈಗಾಗಲೇ ಗೊತ್ತು. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ, ಪಥ್ಯ.

ಕೊರತೆ ಇದ್ದದ್ದು ಬಿ1 ಜೀವಸತ್ವದ್ದು. ಥಯಮಿನ್ ಎಂದೂ ಕರೆಯುತ್ತಾರೆ. ಇದಿಲ್ಲದಿದ್ದರೆ ಮೈ ತಿಂದ ಅನ್ನವನ್ನು ಸರಿಯಾಗಿ ಉರಿಸಿ ಶಕ್ತಿ ಮಾಡಿಕೊಳ್ಳಲಾರದು. ಹಸಿ ಸೌದೆ ಒಲೆಯಲ್ಲಿ ಹೊಗೆ ತುಂಬುವ ಹಾಗೆ ರಕ್ತದಲ್ಲಿ ಆಮ್ಲ ತುಂಬಿ, ಶ್ವಾಸಕೋಶದ ನಾಳಗಳು ಬಿಗಿದುಕೊಳ್ಳುತ್ತವೆ. ಆ ವೈದ್ಯರು ಈ ಶಿಶುಗಳಿಗೆ ಬಿ1 ಚುಚ್ಚುಮದ್ದು ಕೊಟ್ಟರು. ಬಹುಪಾಲು ಮಕ್ಕಳು ಒಂದೆರಡು ದಿನದಲ್ಲಿ ಚೇತರಿಸಿಕೊಂಡವು, ಏರಿದ್ದ ಒತ್ತಡ ಇಳಿಯಿತು. ಹುಟ್ಟಿದ ಮಗುವಿಗೆ ಬೇಕಾಗುವ ಆ ದುಬಾರಿ ಅನಿಲವೆಲ್ಲಿ, ಕೆಲವೇ ರೂಪಾಯಿಗೆ ಸಿಗುವ ಈ ಔಷಧಿಯೆಲ್ಲಿ! ಹೈದರಾಬಾದಿನಲ್ಲೂ ಕಾಶ್ಮೀರದಲ್ಲೂ ಮಕ್ಕಳ ವೈದ್ಯರು ಇದನ್ನೇ ಕಂಡಿದ್ದಾರೆ. ಎಲ್ಲೆಲ್ಲಿ ಬಿಳಿ ಅಕ್ಕಿಯೇ ಮುಖ್ಯ ಊಟವೋ ಅಲ್ಲೆಲ್ಲ ಈ ಕಾಟವಿದೆ.

ತಾಯಿಗೆ ಏನೂ ಆಗಿರುವುದಿಲ್ಲವೇ ಎಂದು ಕೇಳಬಹುದು. ಕೆಲವರಿಗೆ ಅಂಗಾಲು ಜೋಮು ಹಿಡಿಯುತ್ತದೆ, ಕಾಲಲ್ಲಿ ಶಕ್ತಿಯಿಲ್ಲ ಅನಿಸುತ್ತದೆ. ಅನೇಕರಿಗೆ ಯಾವ ಕುರುಹೂ ಇರುವುದಿಲ್ಲ. ಬಿ1 ನಮ್ಮ ಮೈಯಲ್ಲಿ ಕೂಡಿಡುವ ಸರಕಲ್ಲ; ಎರಡು ಮೂರು ವಾರ ತಿನ್ನದಿದ್ದರೆ ಗಂಟು ಖಾಲಿ. ತಾಯಿ ಹೇಗೋ ದಿನ ತಳ್ಳುತ್ತಾಳೆ. ಭರಭರನೆ ಬೆಳೆಯುವ ಮಗುವಿಗೆ ಆಕೆಯ ಹಾಲೊಂದೇ ಆಧಾರ.

ಹಾಗಂತ ಎದೆಹಾಲು ಬಿಡಿಸಿ ಡಬ್ಬಿ ಹಾಲಿಗೆ ಹೋಗಬೇಡಿ! ನಾನು ಹೆದರುವುದೇ ಇದಕ್ಕೆ. ತಪ್ಪು ಹಾಲಿನದಲ್ಲ, ತಟ್ಟೆಯದು. ಬಾಣಂತಿಯ ತಟ್ಟೆ ಸರಿಹೋದರೆ ಹಾಲೂ ಸರಿಹೋಗುತ್ತದೆ.

ಅಜ್ಜಿಯ ಅಕ್ಕಿ ಬೇರೆ, ನಮ್ಮ ಅಕ್ಕಿ ಬೇರೆ

“ನಮ್ಮ ಅಜ್ಜಿ, ಮುತ್ತಜ್ಜಿ ಎಲ್ಲಾ ಇದೇ ಪಥ್ಯ ಮಾಡಿ ಎಂಟು ಹತ್ತು ಹೆತ್ತರಲ್ಲಾ?” ನಿಮ್ಮ ಅತ್ತೆಯವರು ಹೀಗೆ ಕೇಳಿದರೆ ತಪ್ಪೇನಿಲ್ಲ, ಕೇಳಬೇಕಾದ ಪ್ರಶ್ನೆಯೇ. ಆದರೆ ಮುತ್ತಜ್ಜಿಯ ಬಾಣಂತನದ ಅನ್ನ ಯಾವ ಅಕ್ಕಿಯದು? ಒನಕೆಯಲ್ಲಿ ಕುಟ್ಟಿದ ಕೊಟ್ಟಣದಕ್ಕಿ. ಕೆಂಪಗೆ, ತೌಡಿನ ಪೊರೆ ಇನ್ನೂ ಅಂಟಿಕೊಂಡಿದ್ದ ಅಕ್ಕಿ. ಬಿ1 ಇರುವುದು ಆ ಪೊರೆಯಲ್ಲಿ ಮತ್ತು ಕಾಳಿನ ಮೂತಿಯಲ್ಲಿ. ಮಿಲ್ಲಿನವರು ಅದನ್ನೆಲ್ಲ ಉಜ್ಜಿ ತೆಗೆದು ಮಲ್ಲಿಗೆ ಹೂವಿನ ಹಾಗೆ ಮಾಡಿ ಕೊಡುತ್ತಾರೆ. ತೌಡು ದನಕ್ಕೆ ಹೋಗುತ್ತದೆ. ಪಥ್ಯ ಅದೇ ಉಳಿಯಿತು, ಅಕ್ಕಿ ಬದಲಾಯಿತು. ಮೇಲಾಗಿ ಆಗಲೂ ಎಲ್ಲ ಮಕ್ಕಳೂ ಉಳಿಯುತ್ತಿರಲಿಲ್ಲ ಎಂಬುದನ್ನು ಅಜ್ಜಿಯಂದಿರೇ ಬಲ್ಲರು, ಹೇಳುವುದಿಲ್ಲ ಅಷ್ಟೆ.

ಲೆಕ್ಕ ನೋಡಿ. ನಮ್ಮ ದೇಶದ ಹಳೆಯ ಪೋಷಣೆಯ ಪಟ್ಟಿಯಂತೆ, 100 ಗ್ರಾಂ ಮಿಲ್ಲಿನ ಬಿಳಿ ಅಕ್ಕಿಯಲ್ಲಿ ಬಿ1 ಇರುವುದು 0.06 ಮಿಲಿಗ್ರಾಂ. ಕೈಯಲ್ಲಿ ಕುಟ್ಟಿದ ಅಕ್ಕಿಯಲ್ಲಿ 0.21. ಅಜ್ಜಿ ನನಗೆ ಕೊಡದೇ ಹೋದ ರಾಗಿಯಲ್ಲಿ 0.42! ಹೆಸರುಕಾಳಿನಲ್ಲಿ 0.47, ತೊಗರಿಬೇಳೆಯಲ್ಲಿ 0.45, ಕಡಲೇಕಾಯಿ ಬೀಜದಲ್ಲಿ 0.90, ಎಳ್ಳಿನಲ್ಲಿ 1ಕ್ಕೂ ಮಿಗಿಲು. ಹಾಲೂಡಿಸುವ ತಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 2 ಮಿಲಿಗ್ರಾಂ. ಬರೀ ಬಿಳಿ ಅನ್ನದಿಂದ ಅಷ್ಟು ಪಡೆಯಬೇಕಾದರೆ ಬಾಣಂತಿ ದಿನಕ್ಕೆ ಮೂರು ಕಿಲೋ ಅಕ್ಕಿಗಿಂತ ಹೆಚ್ಚು ಉಣ್ಣಬೇಕಾಗುತ್ತದೆ. ಯಾರ ಕೈಲಾಗುತ್ತದೆ ಹೇಳಿ?

ಅದೂ ಆ 0.06 ಪೂರ್ತಿ ಹೊಟ್ಟೆಗೆ ಸೇರಿದರೆ. ಬಿ1 ನೀರಿನಲ್ಲಿ ಕರಗುತ್ತದೆ. ಅಕ್ಕಿಯನ್ನು ನಾಲ್ಕು ಸಲ ಉಜ್ಜಿ ಉಜ್ಜಿ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಉಳಿಯುವುದೆಷ್ಟು? ಕಾಳು ಬೇಗ ಬೇಯಲಿ ಎಂದು ಹಾಕುವ ಸೋಡಾ ಚಿಟಿಕೆಯೂ ಅದನ್ನು ಹಾಳುಮಾಡುತ್ತದೆ. ಇನ್ನು ಊಟವಾದ ತಕ್ಷಣ ಬಾಣಂತಿಗೆ ಎಲೆಯಡಿಕೆ ಕೊಡುವ ಪದ್ಧತಿ ನಮ್ಮ ಕಡೆ ಬಲವಾಗಿದೆ. ಅಡಿಕೆಯ ಒಗರು, ಕಡು ಟೀಯ ಒಗರು ಇವೆರಡೂ ಊಟದಲ್ಲಿದ್ದ ಬಿ1 ಮೈಗೆ ಹತ್ತದಂತೆ ಮಾಡುತ್ತವೆ. ಬಾಣಂತಿ ಎಲೆಯಡಿಕೆ ಹಾಕಿಕೊಂಡು ತುಟಿ ಕೆಂಪಗೆ ಮಾಡಿಕೊಂಡು ಕೂತರೆ ನೋಡಲು ಲಕ್ಷಣವೇ, ನಾನು ಇಲ್ಲವೆನ್ನುವುದಿಲ್ಲ. ಆರು ತಿಂಗಳು ಬಿಟ್ಟರೆ ಒಳ್ಳೆಯದು.

ಅಕ್ಕಿಯ ಈ ಗುಟ್ಟು ಹೊಸದೂ ಅಲ್ಲ. ನೂರಮೂವತ್ತು ವರ್ಷದ ಹಿಂದೆ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯ ಸಾಕಿದ್ದ ಕೋಳಿಗಳು ಕಾಲು ಸೋತು ಬೀಳತೊಡಗಿದವು. ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನ ಅವುಗಳ ಮೇವಾಗಿತ್ತು. ಹೊಸದಾಗಿ ಬಂದ ಅಡುಗೆಯವನು “ದಂಡಿನವರ ಅನ್ನ ಕೋಳಿಗ್ಯಾಕೆ” ಎಂದು ನಿಲ್ಲಿಸಿಬಿಟ್ಟ. ಪಾಲಿಶ್ ಇಲ್ಲದ ಅಕ್ಕಿ ತಿಂದ ಕೋಳಿಗಳು ಎದ್ದು ಓಡಾಡಿದವು! ಆ ದಾರಿ ಹಿಡಿದೇ ಮುಂದೆ ಬಿ1 ಪತ್ತೆಯಾಯಿತು, ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅಡುಗೆಯವನಿಗೆ ಏನೂ ಬರಲಿಲ್ಲ. ಅಡುಗೆ ಮಾಡುವವರ ಪಾಡು ಎಲ್ಲ ಕಡೆಯೂ ಒಂದೇ.

ಮೈಸೂರಿನವರಿಗೆ ಇದರಲ್ಲಿ ಹೆಮ್ಮೆಯ ಪಾಲೂ ಇದೆ. ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ, ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಕುಸುಬಲಕ್ಕಿ ಮಾಡುವ ಸುಧಾರಿತ ವಿಧಾನವನ್ನು ರೂಪಿಸಿತು. ಹೀಗೆ ಬೇಯಿಸುವಾಗ ಹೊಟ್ಟು, ತೌಡಿನಲ್ಲಿದ್ದ ಬಿ1 ಕಾಳಿನ ಒಳಕ್ಕೆ ಇಳಿದುಬಿಡುತ್ತದೆ. ಆಮೇಲೆ ಮಿಲ್ಲಿಗೆ ಹಾಕಿದರೂ 0.21 ಉಳಿಯುತ್ತದೆ. ಮಂಗಳೂರು ಕಡೆಯವರು ಇದನ್ನೇ ಕುಚ್ಚಲಕ್ಕಿ ಎಂದು ದಿನವೂ ಉಣ್ಣುತ್ತಾರೆ. ಭತ್ತದ ಕಣಜವಾದ ಕೆ.ಆರ್. ನಗರದವರು ಮಾತ್ರ “ಅಯ್ಯೋ, ಕುಸುಬಲಕ್ಕಿಯಾ? ವಾಸನೆ!” ಎಂದು ಮೂಗು ಮುರಿಯುತ್ತಾರೆ.

ಮಗು ಏದುತ್ತಿದ್ದರೆ

ಎರಡು ತಿಂಗಳೊಳಗಿನ ಮಗು ಮಲಗಿದ್ದಾಗ ನಿಮಿಷಕ್ಕೆ 60 ಅಥವಾ ಹೆಚ್ಚು ಸಲ, ಅದಕ್ಕಿಂತ ದೊಡ್ಡ ಕೂಸು 50 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ಅಪಾಯ. ಹೊಟ್ಟೆಯ ಏರಿಳಿತವನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಬಿಟ್ಟಿದ್ದರೆ, ಸ್ವರ ಒಡೆದಿದ್ದರೆ, ತುಟಿ ಕಪ್ಪಿಟ್ಟಿದ್ದರೆ ಎಣಿಸುತ್ತ ಕೂರುವುದೂ ಬೇಡ, 108ಕ್ಕೆ ಫೋನ್ ಮಾಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ. ಕೋಟೆಯ ಆ ಕಡೆಯವರಿಗೆ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಹತ್ತಿರ. ಮೈಸೂರಿನಲ್ಲಿ ಚೆಲುವಾಂಬ ಇದೆ, ಜಯದೇವ ಸಂಸ್ಥೆಯ ಆಸ್ಪತ್ರೆಯೂ ಇದೆ.

ಹೋದ ಕೂಡಲೇ, ಕೇಳಲಿ ಬಿಡಲಿ, ವೈದ್ಯರಿಗೆ ಹೀಗೆ ಹೇಳಿ: “ಡಾಕ್ಟ್ರೇ, ಮಗು ಬರೀ ಎದೆಹಾಲಿನಲ್ಲಿದೆ. ನಾನು ಹೆತ್ತಾಗಿನಿಂದ ಬಿಳೀ ಅನ್ನ, ಮೆಣಸಿನ ಸಾರು ಬಿಟ್ಟು ಬೇರೆ ತಿಂದಿಲ್ಲ. ನಿನ್ನೆಯಿಂದ ಅಳುವಿನ ಸ್ವರ ಬದಲಾಗಿದೆ.” ಈ ಕಾಯಿಲೆ ಮೇಲ್ನೋಟಕ್ಕೆ ನ್ಯುಮೋನಿಯಾ ಹಾಗೆ, ನಂಜಿನ ಹಾಗೆ ಕಾಣುತ್ತದೆ. ತಾಯಿಯ ಊಟದ ಸುದ್ದಿ ಕಿವಿಗೆ ಬಿದ್ದರೆ ವೈದ್ಯರಿಗೆ ಬಿ1 ನೆನಪಾಗಲು ಅನುಕೂಲ. ಹೆಂಗಸರ ಅಡುಗೆ ಮಾತು ಆಸ್ಪತ್ರೆಯಲ್ಲಿ ಯಾಕೆ ಎಂದು ನಾಚಬೇಡಿ. ಮಗುವನ್ನು ಎತ್ತಿಕೊಂಡು ಹೋದವರು ಗಂಡಸರೇ ಆದರೆ ಈ ಮಾತನ್ನು ಅವರ ಬಾಯಲ್ಲಿ ಎರಡು ಸಲ ಹೇಳಿಸಿ ಕಳಿಸಿ.

ಮನೆಯಲ್ಲಿ ನೀವೇ ಮಾತ್ರೆ ಪುಡಿ ಮಾಡಿ ಕುಡಿಸಲು ಹೋಗಬೇಡಿ. ಏದುವ ಮಗುವಿಗೆ ಸಕ್ಕರೆ ನೀರು, ಜೇನು ಯಾವುದೂ ಬೇಡ. ಒಮ್ಮೆ ಗುಣವಾದ ಮೇಲೆ ವೈದ್ಯರು ಹೇಳಿದಷ್ಟು ದಿನ ಮಗುವಿಗೂ ತಾಯಿಗೂ ಬಿ1 ಮುಂದುವರಿಸಬೇಕು. ಆಸ್ಪತ್ರೆಯಿಂದ ಬಂದು ಮತ್ತೆ ಅದೇ ಅನ್ನ ಸಾರಿಗೆ ಕುಳಿತರೆ ಬಂದ ದಾರಿಗೆ ಸುಂಕವಿಲ್ಲ.

ಪಥ್ಯ ಬಿಡುವುದಲ್ಲ, ತಿದ್ದುವುದು

ಸೊಸೆ ಬಂದು “ಪಥ್ಯಗಿಥ್ಯ ಎಲ್ಲ ಸುಳ್ಳು” ಎಂದರೆ ಯಾವ ಅತ್ತೆ ಸಹಿಸಿಯಾರು? ಅಜ್ಜಿ ಅಷ್ಟು ಚಳಿಯಲ್ಲಿ ನಾಲ್ಕು ಗಂಟೆಗೆ ಎದ್ದು ನೀರು ಕಾಯಿಸಿ ಎರೆದದ್ದು ನನ್ನ ಮೇಲಿನ ಅಕ್ಕರೆಯಿಂದಲೇ. ಜಗಳ ಬೇಡ. ಬೆಳ್ಳುಳ್ಳಿ, ಮೆಣಸು, ತುಪ್ಪ, ಕೊಬ್ಬರಿ ಎಲ್ಲ ಇರಲಿ. ಅವುಗಳ ಪಕ್ಕಕ್ಕೆ ಇನ್ನು ನಾಲ್ಕು ಸೇರಲಿ.

ಬಿಳಿ ಅಕ್ಕಿಯ ಬದಲು ಕುಸುಬಲಕ್ಕಿಯೋ ಪಾಲಿಶ್ ಕಡಿಮೆ ಮಾಡಿದ ಅಕ್ಕಿಯೋ ಬಳಸಿ. ಎರಡೇ ನೀರಿನಲ್ಲಿ ತೊಳೆದು, ಬಸಿಯದೆ ಇಂಗಿಸಿ. ಮುದ್ದೆಗೆ ಅಜ್ಜಿ ಒಪ್ಪದಿದ್ದರೆ ರಾಗಿ ಗಂಜಿಯಿಂದ ಶುರುಮಾಡಿ, ಬಿಸಿಯಾಗಿದ್ದರೆ ‘ಸೀತ’ದ ಮಾತು ಬರುವುದಿಲ್ಲ. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಬಾಣಂತಿ ಕೋಣೆಗೆ ಹೊಸದೇನಲ್ಲ, ದಿನಕ್ಕೊಂದು ಕೊಡಿ. ಒಂದು ಹಿಡಿ ಹುರಿದ ಕಡಲೇಕಾಯಿ ಬೀಜ ಕೊಡಿ. 2017ರಲ್ಲಿ ಸರ್ಕಾರ ಅಂಗನವಾಡಿಗಳಲ್ಲಿ ಮಾತೃಪೂರ್ಣ ಊಟ ಶುರುಮಾಡಿದಾಗ ಕಾಳು, ಮೊಟ್ಟೆಯ ಜೊತೆ ಕಡಲೇಕಾಯಿ ಚಿಕ್ಕಿಯನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ. ಹಸಿ ಬಾಣಂತಿ ಹೊಸಲು ದಾಟುವುದಿಲ್ಲ ಎಂಬ ಕಾರಣಕ್ಕೆ ಎಷ್ಟೋ ಮನೆಗಳಲ್ಲಿ ಅದು ಬಾಣಂತಿಯ ಬಾಯಿಗೇ ಬೀಳಲಿಲ್ಲ. ಆಸ್ಪತ್ರೆಯಿಂದ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಬಿ1 ಇರುವುದಿಲ್ಲ. ಅದನ್ನು ನುಂಗುತ್ತಿದ್ದೇವಲ್ಲ ಎಂದು ನಿಶ್ಚಿಂತರಾಗಬೇಡಿ. ಕಟ್ಟುನಿಟ್ಟಿನ ಪಥ್ಯದ ಮನೆಯಾದರೆ ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಡಿ ಎಂದು ಡಾಕ್ಟರಮ್ಮನನ್ನು ಕೇಳಿ. ಮಾತ್ರೆಗೆ ಪಥ್ಯದ ಅಡ್ಡಿಯಿಲ್ಲ.

ನಮ್ಮ ಕಡೆಯ ಬಸ್ಸಾರನ್ನು ಮಾತ್ರ ಎಷ್ಟು ಹೊಗಳಿದರೂ ಸಾಲದು. ಬೇರೆಯವರು ಕಾಳು ಬೇಯಿಸಿದ ನೀರು ಚೆಲ್ಲಿದರೆ ನಾವು ಆ ನೀರನ್ನೇ ಸಾರು ಮಾಡುತ್ತೇವೆ. ನೀರಿಗೆ ಇಳಿದ ಬಿ1 ಎಲ್ಲವೂ ಬಟ್ಟಲಿನಲ್ಲೇ ಉಳಿಯಿತು! ಬಾಣಂತಿಗೆ ಒಗ್ಗುವ ಹಾಗೆ ಅದನ್ನು ಹೀಗೆ ಮಾಡಿ.

ಅರ್ಧ ಲೋಟ ಹೆಸರುಕಾಳನ್ನು ತೊಳೆದು ನಾಲ್ಕು ಗಂಟೆ ನೆನೆಸಿ. ನೆನೆಸಿದ ನೀರಿನಲ್ಲೇ, ಸೋಡಾ ಹಾಕದೆ, ಮುಚ್ಚಿಟ್ಟು ಬೇಯಿಸಿ. ಮುಕ್ಕಾಲು ಬೆಂದಾಗ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಹೆಚ್ಚಿ ಹಾಕಿ, ಉಪ್ಪು ಸೇರಿಸಿ. ಬೆಂದ ಮೇಲೆ ಕಟ್ಟನ್ನು ಇನ್ನೊಂದು ಪಾತ್ರೆಗೆ ಬಸಿದುಕೊಳ್ಳಿ. ಎಂಟು ಹತ್ತು ಕರಿಮೆಣಸು, ಒಂದು ಚಮಚ ಜೀರಿಗೆ, ಆರೇಳು ಎಸಳು ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ಕೊಬ್ಬರಿ ತುರಿ, ಒಂದು ಸೌಟು ಬೆಂದ ಕಾಳು ಸೊಪ್ಪಿನ ಜೊತೆ ನುಣ್ಣಗೆ ರುಬ್ಬಿ ಕಟ್ಟಿಗೆ ಕಲಸಿ. ಬೇಕಿದ್ದರೆ ಕಡಲೆ ಗಾತ್ರದ ಹಳೇ ಹುಣಸೆ. ಒಂದೇ ಕುದಿ ಬಂದ ಕೂಡಲೇ ಇಳಿಸಿ. ಉಳಿದ ಕಾಳು ಸೊಪ್ಪಿಗೆ ತುಪ್ಪದ ಒಗ್ಗರಣೆ ಕೊಟ್ಟು ಪಲ್ಯ ಮಾಡಿ. ಘಮಕ್ಕೆ ಅಜ್ಜಿ ಇದನ್ನು ಮೆಣಸಿನ ಸಾರೆಂದೇ ಒಪ್ಪಿಕೊಳ್ಳುತ್ತಾರೆ. ಮೊದಲು ಅವರಿಗೇ ಒಂದು ಬಟ್ಟಲು ಕುಡಿಯಲು ಕೊಟ್ಟು, ಆಮೇಲೆ ಬಾಣಂತಿಗೆ ಬಡಿಸಿ.